ನೂರಾ ನಲವತ್ತರ ಗೆರೆ

ವಂಡರ್‌ಲಾಗೆ ಹೋಗೋದು ಅಂತ ತೀರ್ಮಾನವಾದಾಗ ನಮ್ಮ ಚಿಕ್ಕಮ್ಮ ಮೊದಲು ಕೇಳಿದ್ದು ಟಿಕೆಟ್ ದರವನ್ನಲ್ಲ, ಊರಹಬ್ಬ ಯಾವ ವಾರ ಅಂತ. ಹಬ್ಬದ ಮಾರನೇ ದಿನ ನಮ್ಮೂರ ಮಕ್ಕಳಿಗೆ ಶಾಲೆ ಇರೋದಿಲ್ಲ, ಬೆಂಗಳೂರಿನವರಿಗೆ ಅದು ಮಾಮೂಲಿ ಕೆಲಸದ ದಿನ. ಟಿಕೆಟ್ಟೂ ಅಗ್ಗ, ಕ್ಯೂನೂ ಗಿಡ್ಡ. ಭಾನುವಾರ ಹೋಗಿ ದುಡ್ಡೂ ಜಾಸ್ತಿ ಕೊಟ್ಟು ಬಿಸಿಲಲ್ಲಿ ಸಾಲು ನಿಲ್ಲೋರನ್ನ ಕಂಡರೆ ಅವಳಿಗೆ ಕನಿಕರ.

ಬಿಡದಿ ಹತ್ತಿರದ ಆ ಪಾರ್ಕು ಶುರುವಾಗಿದ್ದು 2005ರಲ್ಲಿ. ಕಟ್ಟಿಸಿದವರು ವಿ-ಗಾರ್ಡ್ ಸ್ಟೆಬಿಲೈಸರಿನ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ. ಅದಕ್ಕೂ ಮೊದಲು, 2000ದಲ್ಲಿ, ಕೊಚ್ಚಿಯಲ್ಲಿ ಒಂದು ಮಾಡಿದ್ದರು. ಇದನ್ನು ಕೇಳಿದ ಚಿಕ್ಕಮ್ಮ ಟಿವಿ ಪಕ್ಕದ ಡಬ್ಬಿ ನೋಡಿ, "ಹಂಗಾದ್ರೆ ನಮ್ಮ ದುಡ್ಡು ಆಗಲೇ ಒಂದ್ಸಲ ಅಲ್ಲಿಗೆ ಹೋಗಿ ಬಂದೈತೆ" ಅಂದಳು.

ಫಜೀತಿ ಎದ್ದಿದ್ದು ಎತ್ತರದಿಂದ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ. ಆಗ 85 ಸೆಂಟಿಮೀಟರಿನೊಳಗಿನ ಕೂಸಿಗೆ ಪುಕ್ಕಟೆ, 140ರ ತನಕ ಮಕ್ಕಳ ಟಿಕೆಟ್, ಅದು ದಾಟಿದರೆ ದೊಡ್ಡವರ ಲೆಕ್ಕ. ಚಿಕ್ಕಮ್ಮ ಮಕ್ಕಳನ್ನೆಲ್ಲ ನಡುಮನೆಯ ಗೋಡೆಗೆ ಒರಗಿಸಿ, ತಲೆ ಮೇಲೆ ಸ್ಕೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅಣ್ಣನ ಮಗ ಸರಿಯಾಗಿ ನೂರಾ ನಲವತ್ತರ ಗೆರೆ ಮೇಲೆ. "ಗೇಟಲ್ಲಿ ಸ್ವಲ್ಪ ಕುಗ್ಗಿ ನಿಂತ್ಕೊಳೋ" ಅಂತ ಅವನಿಗೆ ಪಾಠವೂ ಆಯಿತು. ಆದರೆ ಎದೆ ಝಲ್ಲೆನ್ನಿಸುವ ಆಟಗಳಲ್ಲಿ ಹಲವು ಅಷ್ಟೇ ಎತ್ತರ ಬೇಡುತ್ತವೆ ಅನ್ನೋದು ಹುಡುಗನಿಗೆ ಗೊತ್ತಿತ್ತು, ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ.

ಬಟ್ಟೆಯದು ಇನ್ನೊಂದು ಲೆಕ್ಕ. ನೀರಿಗೆ ಹತ್ತಿ ಬಟ್ಟೆ ಆಗದು, ನೈಲಾನಿನಂಥದ್ದೇ ಬೇಕು. ಹತ್ತಿ ನೆಂದರೆ ಭಾರ, ಜಾರುಬಂಡೆಯಲ್ಲಿ ಹಿಡಿಯುತ್ತೆ, ಎಳೆ ಬಿಟ್ಟು ಫಿಲ್ಟರಿಗೂ ಸೇರುತ್ತೆ. ಒಳಗೆ ಕೊಳ್ಳಲು ಹೋದರೆ ಜೇಬಿಗೆ ಕತ್ತರಿ. ಸಂತೆಯಲ್ಲಿ ಮನೆಮಂದಿಗೆಲ್ಲ ಒಂದೇ ಬಣ್ಣದ ನೈಲಾನ್ ಚಡ್ಡಿ, ಟೀ ಶರ್ಟು ಬಂದವು; ಯಾವುದೋ ಸೋತ ಕಬಡ್ಡಿ ತಂಡದ ಹಾಗೆ ಕಂಡೆವು.

ನೆಂಟರ ಟೆಂಪೋದಲ್ಲಿ ಹೊರಟು ಬಿಡದಿಯಲ್ಲಿ ತಟ್ಟೆ ಇಡ್ಲಿ ಹೊಟ್ಟೆ ಬಿರಿಯುವಷ್ಟು ತಿಂದೆವು. ಹೊರಗಿನ ತಿಂಡಿ ಒಳಗೆ ಬಿಡೋದಿಲ್ಲವಾದ್ದರಿಂದ ಪುಳಿಯೋಗರೆಯ ಡಬರಿ ಸಂಜೆಗೆಂದು ಗಾಡಿಯಲ್ಲೇ ಉಳಿಯಿತು.

ಗೇಟಲ್ಲಿ ಅಳತೆಯ ಕಂಬ ಬಂತು. ಚಿಕ್ಕಮ್ಮ ಹಿಂದಿನಿಂದ ಕೆಮ್ಮಿದಳು. ಹುಡುಗ ಹಿಮ್ಮಡಿ ಎತ್ತಿ, ಕತ್ತು ನೀಳ ಮಾಡಿ, ಉಸಿರು ಕಟ್ಟಿ ನಿಂತ. ಸಿಬ್ಬಂದಿ ನಗುತ್ತಾ ಹಿಮ್ಮಡಿ ಇಳಿಸಲು ಹೇಳಿದರು. ಇಳಿಸಿದರೂ ಕೂದಲ ಕೆಳಗೆ ತಲೆ ಗೆರೆ ದಾಟಿತ್ತು. "ದೊಡ್ಡವರ ಟಿಕೆಟ್" ಅಂದಾಗ ಅವನು ಪರೀಕ್ಷೆ ಪಾಸಾದವನಂತೆ ಕುಣಿದ. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿದಳು.

ಆಮೇಲೆ ಕಂಡದ್ದು ಬೇರೆ ಚಿಕ್ಕಮ್ಮ. ಸೀರೆ ಮಡಿಸಿಟ್ಟು ನೈಲಾನು ತೊಟ್ಟು ಅಲೆಗಳ ಕೊಳಕ್ಕೆ ಇಳಿದಳು. ಸೈರನ್ ಕೂಗಿ ಅಲೆ ಎದ್ದಾಗ ನಾವೆಲ್ಲ ದಡಕ್ಕೆ ಓಡಿದರೆ, ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಮುಳುಗಿ ಅಭ್ಯಾಸವಿದ್ದವಳು ಮೂಗು ಹಿಡಿದು ಅಲೆಗೇ ತಲೆ ಕೊಟ್ಟಳು. ಪ್ರತಿ ಅಲೆಗೂ ಒಂದು ಕೇಕೆ. ಅಲೆ ನಿಂತಾಗ ಸಿಬ್ಬಂದಿಯನ್ನು ಕರೆದು, "ಮತ್ತೆ ಯಾವಾಗ ಬಿಡ್ತೀರಪ್ಪ?" ಅಂತ ಕೇಳಿ, ಉತ್ತರ ಬರೋವರೆಗೂ ನೀರು ಬಿಟ್ಟು ಕದಲಲಿಲ್ಲ. ಅಣ್ಣನ ಮಗ ಅಷ್ಟರಲ್ಲಿ ತನ್ನ ದೊಡ್ಡವರ ಟಿಕೆಟ್ಟಿನ ಪೈಸೆ ಪೈಸೆಯನ್ನೂ ವಸೂಲಿ ಮಾಡುತ್ತಿದ್ದ.

ಸಂಜೆ ಪಾರ್ಕಿಂಗಿನಲ್ಲಿ ಡಬರಿ ತೆರೆದಾಗ, ಮಧ್ಯಾಹ್ನ ಒಳಗೆ ಊಟ ಮಾಡಿದ್ದವರೆಲ್ಲ ಬರಗಾಲದಿಂದ ಬಂದವರಂತೆ ಮುಗಿಬಿದ್ದರು. ನೀರಾಟದ ಹಸಿವಿಗೆ ಸಮ ಇನ್ನೊಂದಿಲ್ಲ. ಚಿಕ್ಕಮ್ಮ ಒದ್ದೆ ಜಡೆ ಹಿಂಡುತ್ತಾ ಮುಂದಿನ ವರ್ಷದ ಮಾತೆತ್ತಿದಳು: ಮೈಸೂರಿನ ಜಿಆರ್‌ಎಸ್ ಪಾರ್ಕು, ನಮಗೆ ಅದೇ ಹತ್ತಿರ, ಡೀಸೆಲ್ಲೂ ಉಳಿಯುತ್ತೆ. "ಅಲ್ಲೂ ಅಲೆ ಐತಾ, ಮೊದಲು ಅದನ್ನ ವಿಚಾರಿಸಿ."