ಗುಹೆ ನೋಡಿದ್ದಾಯಿತು, ಗುಡ್ಡ ಹತ್ತಿದಿರಾ?

ಡಿಸೆಂಬರ್ ಬಂತೆಂದರೆ ಬಾದಾಮಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳದೇ ಸಾಲು. ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ಗುಹಾಲಯಗಳ ಮೆಟ್ಟಿಲು ಹತ್ತುತ್ತಾರೆ. ನಟರಾಜನ ಹದಿನೆಂಟು ಕೈಗಳನ್ನು ಎಣಿಸುತ್ತಾರೆ, ಲೆಕ್ಕ ತಪ್ಪಿ ಮತ್ತೆ ಎಣಿಸುತ್ತಾರೆ, ಮಂಗಗಳಿಗೆ ಬಿಸ್ಕೀಟು ಕಳೆದುಕೊಂಡು ಕೆಳಗಿಳಿಯುತ್ತಾರೆ. ಒಂದು ತಾಸಿನಲ್ಲಿ ಬಾದಾಮಿ ಮುಗಿಯಿತು. ಮುಂದೆ ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಕತ್ತಲಾಗುವುದರೊಳಗೆ ಕೂಡಲಸಂಗಮ. ಗುಹೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವ ಗುಡ್ಡವನ್ನು ಹತ್ತಿ ನೋಡಲು ಮಾತ್ರ ಯಾರಿಗೂ ಪುರಸೊತ್ತಿಲ್ಲ. ಹತ್ತಲು ಹೊರಟ ಹುಡುಗರಿಗೆ "ಬಿದ್ದೀರಿ, ಕೆಳಗ ಬರ್ರಿ" ಎಂಬ ಗದರಿಕೆ ಸಿದ್ಧವಾಗಿರುತ್ತದೆ.

ಗದರಿಸುವವರ ಭಯ ಸುಳ್ಳೇನಲ್ಲ. ಬಂಡೆಗಳ ಅಂಚು ನೇರ ಪ್ರಪಾತ. ಹಲವು ಕಡೆ ಕಟಕಟೆಯೂ ಇಲ್ಲ. ಆದರೆ ಚಾಲುಕ್ಯರು ಇಲ್ಲಿಯೇ ಏಕೆ ರಾಜಧಾನಿ ಕಟ್ಟಿದರು ಎಂಬ ಪ್ರಶ್ನೆಗೆ ಉತ್ತರವಿರುವುದು ಗುಡ್ಡದ ನೆತ್ತಿಯಲ್ಲಿ.

ಅಗಸ್ತ್ಯ ತೀರ್ಥದ ಉತ್ತರಕ್ಕೆ ಪುರಾತತ್ವ ವಸ್ತುಸಂಗ್ರಹಾಲಯವಿದೆ. ಅದರ ಪಕ್ಕದಿಂದಲೇ ಬಾವನ್ ಬಂಡೆ ಕೋಟೆಗೆ, ಎಂದರೆ ಐವತ್ತೆರಡು ಬಂಡೆಗಳ ಕೋಟೆಗೆ, ದಾರಿ. ಸ್ವಲ್ಪ ಹತ್ತುವುದರೊಳಗೆ ಎರಡು ಕೆಂಪು ಗೋಡೆಗಳ ನಡುವಿನ ಓಣಿ ಸಿಗುತ್ತದೆ. ಮೇಲೆ ನೋಡಿದರೆ ಆಕಾಶ ಒಂದು ಪಟ್ಟಿಯಷ್ಟೇ. ಈ ಓಣಿಯನ್ನು ಯಾರೂ ಕಡಿದದ್ದಲ್ಲ. ಬಂಡೆಯಲ್ಲಿ ಮೇಲಿಂದ ಕೆಳಕ್ಕೆ ಬಿಟ್ಟ ಬಿರುಕುಗಳನ್ನು ಮಳೆನೀರು ಕೊರೆಯುತ್ತಾ ಅಗಲಿಸಿದೆ. ಕೋಟೆ ಕಟ್ಟಿದವರು ಅದಕ್ಕೆ ಬಾಗಿಲು ಇಟ್ಟರು. ಅರ್ಧ ಕೆಲಸ ಪ್ರಕೃತಿಯೇ ಮಾಡಿಟ್ಟಿತ್ತು.

ಮೇಲಿನ ಶಿವಾಲಯದ ಬಳಿ ನಿಂತರೆ ಇಡೀ ಲೆಕ್ಕ ಒಂದೇ ನೋಟಕ್ಕೆ ಸಿಗುತ್ತದೆ. ಎದುರಿಗೆ ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹೆಗಳ ಕಪ್ಪು ಬಾಯಿ, ನಡುವೆ ಹಸಿರು ನೀರಿನ ತೀರ್ಥ, ಪೂರ್ವದ ತುದಿಯಲ್ಲಿ ಭೂತನಾಥ ದೇವಾಲಯ, ಪಶ್ಚಿಮಕ್ಕೆ ಊರು. ಮೂರು ಕಡೆ ಬಂಡೆ, ಒಂದೇ ಕಡೆ ದಾರಿ. ಮಳೆಗಾಲದಲ್ಲಿ ಬರಿಯ ಬಂಡೆಯ ಮೇಲೆ ಬಿದ್ದ ನೀರು ಇಂಗದೆ ಹರಿದು, ಅಕ್ಕ-ತಂಗಿ ಜಲಪಾತವಾಗಿ ಧುಮುಕಿ ತೀರ್ಥವನ್ನು ಸೇರುತ್ತದೆ. ಮಳೆ ಕಡಿಮೆಯ ಈ ಸೀಮೆಯಲ್ಲಿ ನೀರೂ ರಕ್ಷಣೆಯೂ ಒಟ್ಟಿಗೆ ಸಿಗುವ ಇಂಥ ಜಾಗ ಅಪರೂಪ. ಒಂದನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಈ ಗುಡ್ಡವನ್ನು ಮೇಲಿನಿಂದಲೂ ಕೆಳಗಿನಿಂದಲೂ ಅಭೇದ್ಯವಾಗಿ ಮಾಡಿದನೆಂದು ಇಲ್ಲಿಯ ಬಂಡೆಯ ಮೇಲಿನ ಸಂಸ್ಕೃತ ಶಾಸನ ಹೇಳುತ್ತದೆ. ನೂರು ವರ್ಷ ತುಂಬುವ ಮೊದಲೇ, 642ರಲ್ಲಿ, ಪಲ್ಲವರ ನರಸಿಂಹವರ್ಮ ಊರನ್ನು ಹಿಡಿದು, ಅದೇ ಊರಿನ ಬಂಡೆಯ ಮೇಲೆ ತನ್ನ ಶಾಸನವನ್ನೂ ಬರೆಸಿದ. ಬಂಡೆ ಇಬ್ಬರದನ್ನೂ ಉಳಿಸಿಕೊಂಡಿದೆ.

ಇನ್ನು ಬಂಡೆಯ ಕಥೆ. ಅದರ ಮುಂದೆ ಚಾಲುಕ್ಯರು ನಿನ್ನೆ ಮೊನ್ನೆಯವರು. ಇದು ಮರಳುಗಲ್ಲು, ಸುಮಾರು 90 ಕೋಟಿ ವರ್ಷ ಹಳೆಯದೆಂದು ಈಚಿನ ಅಂದಾಜು. ಈ ಸೀಮೆಯ ಶಿಲೆಗಳನ್ನು ಮೊದಲು ವಿವರವಾಗಿ ದಾಖಲಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1876ರಲ್ಲಿ. ಬಾಗಲಕೋಟೆ ಸಮೀಪದ ಕಲಾದಗಿಯ ಹೆಸರೇ ಇಡೀ ಶಿಲಾಸಮೂಹಕ್ಕೆ ನಿಂತಿತು. ದಾಳಿಂಬೆಗೆ ಹೆಸರಾದ ಕಲಾದಗಿ ಭೂವಿಜ್ಞಾನದ ಪುಸ್ತಕದಲ್ಲೂ ಇದೆ ಎಂದು ಆ ಊರಿನ ಮಕ್ಕಳಿಗೆ ಯಾರಾದರೂ ಹೇಳಬೇಕು.

ಬಂಡೆಯ ಮೈಯನ್ನು ಹತ್ತಿರದಿಂದ ನೋಡಿದರೆ ಅಡ್ಡ ಪದರಗಳ ನಡುವೆ ಓರೆಯಾಗಿ ಎಳೆದ ಗೆರೆಗಳು ಕಾಣುತ್ತವೆ. ಹರಿಯುವ ನೀರು ಮರಳನ್ನು ದಿಬ್ಬದಾಚೆ ಸುರಿಯುತ್ತಾ ಹೋದಾಗ ಆಗುವ ಗೆರೆ ಇದು. ಇಳಿಜಾರು ಯಾವ ಕಡೆಗಿದೆಯೋ ನದಿ ಆ ಕಡೆಗೆ ಹರಿದಿತ್ತು. ಆಗ ನೆಲದ ಮೇಲೆ ಗಿಡವಿಲ್ಲ, ಹುಲ್ಲಿಲ್ಲ. ದಂಡೆಯನ್ನು ಹಿಡಿದಿಡುವ ಬೇರುಗಳೇ ಇಲ್ಲ. ಅದಕ್ಕೇ ಆ ಕಾಲದ ನದಿಗಳು ಹತ್ತಾರು ಕವಲಾಗಿ ಹರಡಿಕೊಂಡು ಹರಿಯುತ್ತಿದ್ದವು. ಬೇಸಿಗೆಯಲ್ಲಿ ಮಲಪ್ರಭೆಯ ಮರಳಿನಲ್ಲಿ ನೀರು ಎಳೆದ ಗೆರೆಗಳನ್ನು ನೋಡಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಡೆಯ ಕೆಂಪು, ಕಬ್ಬಿಣ ತುಕ್ಕು ಹಿಡಿದ ಬಣ್ಣ.

ಈಗ ಬೇಸರದ ಮಾತು. ಗುಡ್ಡದ ಮೇಲೆ ಹೋದಂತೆಲ್ಲ ಎದುರಾಗುವುದು ಹೆಸರುಗಳು. ಹೃದಯದ ಚಿತ್ರ, ಬಾಣ, ಇಸವಿ, ಊರು. ಸೀಮೆಸುಣ್ಣದಲ್ಲಿ ಬರೆದದ್ದು ಮಳೆಗೆ ಹೋದೀತು. ಮೊಳೆಯಿಂದ ಕೆತ್ತಿದ್ದು ಹೋಗುವುದಿಲ್ಲ. ತಡೆದರೆ ಚುರುಕು ಹುಡುಗರು ಒಂದು ಪ್ರಶ್ನೆ ಕೇಳುವುದುಂಟು: ತಟ್ಟುಕೋಟೆ ಬಳಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಹೆಸರನ್ನು ಬರೆದಿಲ್ಲವೇ? ಶಿಲ್ಪಿಗಳು ತಮ್ಮ ಹೆಸರು ಕೆತ್ತಿಲ್ಲವೇ? ಪ್ರಶ್ನೆ ನ್ಯಾಯವಾದದ್ದು, ಗದರಿ ಬಾಯಿ ಮುಚ್ಚಿಸಬಾರದು. ಸುಮಾರು ಕ್ರಿ.ಶ. 700ರ ಆ ಶಾಸನ ಕನ್ನಡ ತ್ರಿಪದಿಯ ಅತ್ಯಂತ ಹಳೆಯ ಮಾದರಿ. ಅದನ್ನು ಕೆತ್ತಿದವರಿಗೆ ಹೇಳಲು ಒಂದು ಮಾತಿತ್ತು, ಕಲ್ಲಿನ ಗುಣ ಗೊತ್ತಿತ್ತು. ಮರಳುಗಲ್ಲಿನ ಮೇಲ್ಮೈ ಗಾಳಿ ಬಿಸಿಲಿಗೆ ಒಡ್ಡಿಕೊಂಡು ಕಾಲಾನುಕಾಲಕ್ಕೆ ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಮೊಳೆ ಆ ಪೊರೆಯನ್ನು ಹರಿದರೆ ಒಳಗಿನ ಮೆತ್ತನೆಯ ಕಣಗಳು ಬಯಲಾಗುತ್ತವೆ. ಅಲ್ಲಿಂದ ಪ್ರತಿ ಮಳೆಗೂ ಒಂದಿಷ್ಟು ಉದುರುತ್ತದೆ; ಹಳೆಯ ಅಕ್ಷರಗಳ ಪಕ್ಕದಲ್ಲಿ ಗೀಚಿದರೆ ಅವೂ ಅದರ ಜೊತೆಗೆ ಹೋಗುತ್ತವೆ. ಕಾನೂನಿನ ಮಾತು ಬೇಕಾದವರಿಗೆ: ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಗುಡ್ಡದ ಜೊತೆ ಮೈಮುಟ್ಟಿ ಆಡಬೇಕೆನ್ನುವವರಿಗೆ ಬೇರೆ ಹಾದಿಯಿದೆ. ಸ್ಮಾರಕಗಳಿಂದ ದೂರದ ಬಂಡೆಗಳಲ್ಲಿ ಶಿಲಾರೋಹಣ ನಡೆಯುತ್ತದೆ. ಬೆಂಗಳೂರು, ಪುಣೆಗಳಿಂದಷ್ಟೇ ಅಲ್ಲ, ಯೂರೋಪಿನಿಂದಲೂ ಚಳಿಗಾಲದಲ್ಲಿ ಆರೋಹಿಗಳು ಬರುತ್ತಾರೆ. ಪದರಗಳ ಸಂದುಗಳೇ ಬೆರಳಿಗೆ ಹಿಡಿಕೆ. ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇಲ್ಲಿ ತರಬೇತಿ ಶಿಬಿರಗಳನ್ನು ನಡೆಸಿದೆ. ಹಗ್ಗ, ಹೆಲ್ಮೆಟ್ಟು, ಕೆಳಗೆ ಹಗ್ಗ ಹಿಡಿದು ನಿಂತ ಜೊತೆಗಾರ, ಕಲಿಸುವ ಗುರು, ಇವಿಷ್ಟಿದ್ದರೆ ಹದಿಮೂರರ ಹುಡುಗಿಯೂ ಬಂಡೆ ಏರಬಹುದು. ಇವಿಲ್ಲದೆ ಅಂಚಿನಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುವುದೇ ನಿಜವಾದ ಅಪಾಯ. ಅಪ್ಪ ಅಮ್ಮಂದಿರು ಹೆದರಬೇಕಾದದ್ದು ಇದಕ್ಕೆ.

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ, ಎಲ್ಬ್ ನದಿಯ ದಂಡೆಯ ಹಳ್ಳಿಗಾಡಿನಲ್ಲಿ, ಇಂಥವೇ ಮರಳುಗಲ್ಲಿನ ಗುಡ್ಡಗಳಿವೆ. ಅವುಗಳ ವಯಸ್ಸು ಬಾದಾಮಿಯದರ ಹತ್ತನೇ ಒಂದು ಪಾಲು. 1851ರಿಂದ ಅಲ್ಲಿ ಬಾಸ್ಟೈ ಎಂಬ ನೋಟದ ತಾಣಕ್ಕೆ ಕಲ್ಲಿನ ಸೇತುವೆಯಿದೆ. 1864ರಲ್ಲಿ ಕೆಲವು ಕಸರತ್ತುಪಟುಗಳು ಫಾಲ್ಕೆನ್‌ಸ್ಟೈನ್ ಎಂಬ ಬಂಡೆಯನ್ನು ಏರಿದ ಮೇಲೆ ಆರೋಹಣವೇ ಆ ಸೀಮೆಯ ಆಟವಾಯಿತು. ಜೊತೆಗೆ ನಿಯಮವೂ ಬೆಳೆಯಿತು: ಮಳೆ ಬಂದ ಮೇಲೆ ಕಲ್ಲು ಒಣಗುವತನಕ ಏರಕೂಡದು, ಬಿರುಕಿಗೆ ಲೋಹದ ಬೆಣೆ ತುರುಕಕೂಡದು. ನೆನೆದ ಮರಳುಗಲ್ಲು ಬಲ ಕಳೆದುಕೊಳ್ಳುತ್ತದೆ. ಬಾದಾಮಿಯ ಕಲ್ಲು ಅದಕ್ಕಿಂತ ಗಟ್ಟಿ, ಆದರೂ ಮಳೆಯಲ್ಲಿ ಹತ್ತುವ ಹುಂಬತನ ಬೇಡ.

ಹಗ್ಗ ಬೇಡ, ನಡೆದರೆ ಸಾಕು ಎನ್ನುವವರಿಗೆ ಸಿಡಿಲಪಡಿಯಿದೆ. ಊರಿನಿಂದ ಕುರುಚಲು ಕಾಡಿನ ಕಾಲುದಾರಿ. ಸಿಡಿಲು ಬಡಿದು ಆದದ್ದೆಂದು ಜನ ಹೇಳುವ ದೊಡ್ಡ ಕಲ್ಲಾಸರೆ, ಅದರ ಮೈಮೇಲೆ ಇತಿಹಾಸಪೂರ್ವ ಕಾಲದ ಮಾಸಿದ ಚಿತ್ರಗಳು. ದಾರಿ ಬಲ್ಲ ಊರಿನವರೊಬ್ಬರು ಜೊತೆಗಿರಲೇಬೇಕು.

ಮಾರನೆಯ ದಿನ ಹುನಗುಂದದ ಕಡೆ ಹೊರಟರೆ ಐಹೊಳೆಯ ಮೇಗುತಿ ಗುಡ್ಡ. ಮೆಟ್ಟಿಲು ಸುಲಭ, ಅಜ್ಜ ಅಜ್ಜಿಯರೂ ನಿಧಾನವಾಗಿ ಹತ್ತಬಹುದು. ನೆತ್ತಿಯ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ 634ರ ಶಾಸನ. ಕಾಳಿದಾಸ, ಭಾರವಿಯರ ಹೆಸರು ಅದರಲ್ಲಿ ಬಂದಿರುವುದರಿಂದಲೇ ಅವರ ಕಾಲವನ್ನು ಗೊತ್ತುಪಡಿಸಲು ವಿದ್ವಾಂಸರಿಗೆ ಒಂದು ಆಧಾರ ಸಿಕ್ಕಿತು. ಗುಡಿಯ ಹಿಂದೆ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ, ಹೆಚ್ಚಿನವರು ಅಲ್ಲಿಗೆ ಹೋಗದೆ ಇಳಿದುಬಿಡುತ್ತಾರೆ. ಅಲ್ಲಿಂದ ಹುನಗುಂದ ದಾಟಿ ಇಳಕಲ್ಲಿಗೆ ಬಂದರೆ ಸೀರೆಯ ಅಂಗಡಿಗೆ ಮುಂಚೆ ಕಲ್ಲನ್ನು ನೋಡಬೇಕು. ಗುಲಾಬಿ ಬಣ್ಣದ ಇಳಕಲ್ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಇಂಥ ಹಳೆಯ ಶಿಲೆಗಳು ಸವೆದು ಮರಳಾಗಿ, ಆ ಮರಳು ಮತ್ತೆ ಕಲ್ಲಾದದ್ದೇ ಬಾದಾಮಿಯ ಗುಡ್ಡ.

ನವೆಂಬರಿನಿಂದ ಫೆಬ್ರುವರಿ ಹೋಗಲು ಸರಿಯಾದ ಕಾಲ. ಹುಬ್ಬಳ್ಳಿ–ಸೊಲ್ಲಾಪುರ ರೈಲು ಮಾರ್ಗದಲ್ಲಿ ಬಾದಾಮಿ ನಿಲ್ದಾಣವಿದೆ, ಊರು ಅಲ್ಲಿಂದ ಸುಮಾರು 5 ಕಿ.ಮೀ. ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರುವ ಮುನ್ನ ಇಳಿಯುವುದು ಲೇಸು. ತಲಾ ಎರಡು ಲೀಟರು ನೀರು, ಹಿಡಿತವಿರುವ ಬೂಟು, ತಲೆಗೊಂದು ಟೋಪಿ ಇರಲಿ. ಬುತ್ತಿಯನ್ನು ಮಾತ್ರ ಗುಡ್ಡದ ಮೇಲೆ ಬಿಚ್ಚಬಾರದು, ಮಂಗಗಳು ಬಿಡುವುದಿಲ್ಲ. ಇಳಿದು ಬನಶಂಕರಿಗೆ ಹೋದರೆ ಗುಡಿಯ ಮುಂದೆ ಬುಟ್ಟಿಯಿಟ್ಟು ಕೂತ ತಾಯಂದಿರ ಹತ್ತಿರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಿಗುತ್ತವೆ.