ಫೈಲ್ ಎಲ್ಲಿದೆ ಸಾರ್?

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಪ್ರತಿ ಶನಿವಾರ ನಮ್ಮೂರ ಪ್ರೌಢಶಾಲೆಯ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಹೋಗುತ್ತಿದ್ದೇನೆ. ಅಲ್ಲಿಂದ ಬಂದ ರಾತ್ರಿಗಳಲ್ಲಿ ಗೀಚಿಕೊಂಡ ಟಿಪ್ಪಣಿಗಳಿವು.

*

ಹತ್ತನೇ ತರಗತಿಯ ಹುಡುಗನೊಬ್ಬ ಫೋನಿನಲ್ಲಿ ವಿಡಿಯೊ ಕತ್ತರಿಸಿ, ಹಾಡು ಸೇರಿಸಿ, ಮೇಲೆ ಅಕ್ಷರ ಕೂರಿಸಿ ಮೂರೇ ನಿಮಿಷದಲ್ಲಿ ನನ್ನ ಮುಂದೆ ಹಿಡಿದ. ನನಗೆ ಅದು ಬಾರದು. ಅದೇ ಹುಡುಗ ಲ್ಯಾಬಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿ, ಸೇವ್ ಮಾಡಿ, ಮುಚ್ಚಿದ. “ಈಗ ಅದನ್ನು ತೆಗಿ” ಅಂದೆ. ಪರದೆಯನ್ನೆಲ್ಲ ತಡಕಾಡಿ ಕೊನೆಗೆ ನನ್ನನ್ನೇ ಕೇಳಿದ: “ಫೈಲ್ ಎಲ್ಲಿದೆ ಸಾರ್?”

ಇಷ್ಟು ಚುರುಕಿನ ಹುಡುಗನಿಗೆ ಇದು ಯಾಕೆ ಹೊಳೆಯಲಿಲ್ಲ? ಬಹಳ ಹೊತ್ತು ಯೋಚಿಸಿದೆ. ಫೋನು ಅವನನ್ನು ಯಾವತ್ತೂ “ಎಲ್ಲಿಡಲಿ?” ಎಂದು ಕೇಳಿಲ್ಲ. ತೆಗೆದ ಚಿತ್ರ ತಾನಾಗಿ ಗ್ಯಾಲರಿಗೆ ಹೋಗಿ ಕೂರುತ್ತದೆ. ಅಮ್ಮನ ಅಡುಗೆಮನೆಯಲ್ಲಿ ಸಾಸಿವೆ ಯಾವ ಡಬ್ಬಿಯಲ್ಲಿದೆ ಎಂದು ಬಲ್ಲವನಿಗೆ ತನ್ನ ಬರಹ ಯಾವ ಫೋಲ್ಡರಿನಲ್ಲಿದೆ ಎಂದು ತಿಳಿಯದು. ಇಟ್ಟವನು ಅವನಲ್ಲವಲ್ಲ.

*

2023ರ ‘ಅಸರ್’ ವರದಿ ತೆರೆದು ಕೂತೆ. ಪ್ರಥಮ್ ಸಂಸ್ಥೆ ಹಳ್ಳಿಗಾಡಿನ 14ರಿಂದ 18 ವಯಸ್ಸಿನ ಮಕ್ಕಳನ್ನು 28 ಜಿಲ್ಲೆಗಳಲ್ಲಿ ಕಂಡು ಮಾಡಿದ್ದು. ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಅಂದವರು ಶೇ 90ರ ಆಸುಪಾಸು. ಆದರೆ ಫೋನು ಕೈಯಲ್ಲಿ ಹಿಡಿಸಿ ಪರೀಕ್ಷಿಸಿದಾಗ ಇಂತಿಷ್ಟು ಹೊತ್ತಿಗೆ ಅಲಾರಾಂ ಇಟ್ಟವರು ಮೂರರಲ್ಲಿ ಎರಡು ಪಾಲು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಹೊತ್ತು ಬೇಕೆಂದು ಗೂಗಲ್ ಮ್ಯಾಪ್‌ನಲ್ಲಿ ಕಂಡುಹಿಡಿದವರು ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಅದೇ ವರದಿ ಹೇಳುವಂತೆ ಇವರಲ್ಲಿ ಕಾಲು ಭಾಗದಷ್ಟು ಮಕ್ಕಳು ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನೇ ಸರಾಗವಾಗಿ ಓದಲಾರರು. ಓದಲು ತಡವರಿಸುವ ಮಗು ಫೋನಿಗೆ ಮಾತಾಡಿ ಹುಡುಕುತ್ತದೆ, ಬಂದ ಉತ್ತರಗಳಲ್ಲಿ ಮೊದಲ ವಿಡಿಯೊ ನೋಡಿ ನಂಬುತ್ತದೆ.

*

ಇವತ್ತು ಫೋಟೊದ ಪಾಠ. ಅರ್ಜಿಗಳಲ್ಲಿ “ಭಾವಚಿತ್ರ 50 ಕೆಬಿಗಿಂತ ಕಡಿಮೆ ಇರಲಿ” ಎಂದಿರುತ್ತದೆ. ಅದೊಂದು ಸಾಲಿಗೆ ಹೆದರಿ ಊರಿನ ಮಕ್ಕಳೆಲ್ಲ ಸೈಬರ್ ಸೆಂಟರಿಗೆ ದುಡ್ಡು ಕೊಡುತ್ತಾರೆ. ಕೆಬಿ ಅಂದರೇನು ಎಂದು ಬಾಯಲ್ಲಿ ಎಷ್ಟು ಹೇಳಿದರೂ ಯಾರ ಮುಖವೂ ಅರಳಲಿಲ್ಲ.

ಗ್ರಾಫ್ ಹಾಳೆ ಹಂಚಿದೆ. ಒಂದು ಎಲೆಯ ಚಿತ್ರಕ್ಕೆ ಮೊದಲು ಸಣ್ಣ ಚೌಕಗಳಲ್ಲಿ, ಆಮೇಲೆ ನಾಲ್ಕು ಚೌಕಕ್ಕೊಂದರಂತೆ ದೊಡ್ಡ ಚೌಕಗಳಲ್ಲಿ ಬಣ್ಣ ತುಂಬಿಸಿದೆ. ಫೋನಿನ ಚಿತ್ರದಲ್ಲಿ ಈ ಚೌಕಗಳೇ ಚುಕ್ಕಿಗಳು, ಚುಕ್ಕಿ ಹೆಚ್ಚಿದಷ್ಟೂ ಕೆಬಿ ಹೆಚ್ಚು: ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿ, ಒಟ್ಟು 1 ಕೋಟಿ 20 ಲಕ್ಷ. ಅರ್ಜಿಗೆ 200ಕ್ಕೆ 230 ಇದ್ದರೆ ಸಾಕು, ಬರೀ 46 ಸಾವಿರ. ಹಿಂದಿನ ಬೆಂಚಿನ ಹುಡುಗಿ ತಲೆಯೆತ್ತಿದಳು: “ಅಂದ್ರೆ ಚುಕ್ಕಿ ಕಡಿಮೆ ಇಟ್ಟು ಅದೇ ರಂಗೋಲಿ ಹಾಕೋದು, ಅಲ್ವಾ ಸಾರ್?”

ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಅವಳೇ ಉಳಿದವರಿಗೆ ತೋರಿಸಿಕೊಟ್ಟಳು. ಮುಖದಷ್ಟು ಕತ್ತರಿಸಿ, ಪೇಂಟ್‌ನಲ್ಲಿ ಅಳತೆ ಇಳಿಸಿ, ಹೆಸರು ಕೊಟ್ಟು, ತನ್ನದೇ ಫೋಲ್ಡರಿನಲ್ಲಿ ಇಟ್ಟಳು. 22 ಕೆಬಿ.

*

ಕೀಲಿಮಣೆ. ಕನ್ನಡಕ್ಕೆಂದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ‘ಅಮ್ಮ’ ಎಂದು ಮೂಡಿಸಲು ಎ, ಎಂ, ಎಫ್, ಎಂ ಒತ್ತಬೇಕು. ಒತ್ತಕ್ಷರಕ್ಕೆ ‘ಎಫ್’ ಎಂಬುದು ತಿಳಿದದ್ದೇ ತಡ, ಎಲ್ಲರೂ ತಮ್ಮ ಹೆಸರಿನಲ್ಲಿ ಒತ್ತು ಹುಡುಕತೊಡಗಿದರು.

*

ಎಐ ಬಗ್ಗೆ ಏನು ಹೇಳಬೇಕೆಂದು ವಾರವಿಡೀ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ, ನಿಮಗೆ ಚೆನ್ನಾಗಿ ಗೊತ್ತಿರುವುದನ್ನೇ ಅದಕ್ಕೆ ಕೇಳಿ ಅಂದೆ. ಒಬ್ಬ ನಮ್ಮೂರ ಜಾತ್ರೆ ಯಾವಾಗ ಎಂದು ಕೇಳಿದ. ಶಿವರಾತ್ರಿಗೆ ಎಂದು ಅದು ವಿವರವಾಗಿ, ಯಾವ ಅನುಮಾನವೂ ಇಲ್ಲದಂತೆ ಬರೆಯಿತು. “ಸುಳ್ಳು ಸಾರ್! ಯುಗಾದಿ ಕಳೆದ ಮೇಲೆ!” ಎಂದು ಇಡೀ ತರಗತಿ ಕೂಗಿತು.

“ಹೋದ ವಾರ ವಿಜ್ಞಾನದ ನೋಟ್ಸ್ ಬರೆದುಕೊಟ್ಟದ್ದೂ ಇದೇ ಅಲ್ಲವೇ? ಅದು ಸರಿಯೆಂದು ಹೇಗೆ ಗೊತ್ತಾಯಿತು?” ಎಂದೆ. ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, “ಪುಸ್ತಕ ನೋಡ್ಬೇಕಿತ್ತು ಸಾರ್.” ಉಳಿದ ಹೊತ್ತೆಲ್ಲ ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡು ಎಐ ಕೊಟ್ಟ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯ ಹಂತದಿಂದಲೇ ಕೋಡಿಂಗ್ ಬರಲಿ ಎನ್ನುತ್ತದೆ. ಬರಲಿ, ನನಗೆ ಸಂತೋಷವೇ. ಆದರೆ ಈ ಕೆಂಪು ಗೆರೆ ಅದಕ್ಕಿಂತ ಮೊದಲು ಬರಬೇಕು.

*

ಯುಪಿಐ. ಹುಡುಗನೊಬ್ಬನ ಅಣ್ಣ ಹಳೇ ಬೈಕ್ ಮಾರಲು ಹೋಗಿ, “ದುಡ್ಡು ಬರಲು ಪಿನ್ ಹಾಕಿ” ಎಂದವನ ಮಾತು ನಂಬಿ ನಾಲ್ಕು ಸಾವಿರ ಕಳೆದುಕೊಂಡನಂತೆ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಪಿನ್ ಹಾಕುವುದು ಹಣ ಕೊಡಲು, ಪಡೆಯಲು ಪಿನ್ ಬೇಕಿಲ್ಲ. ಕೆಳಗೆ 1930, ಸೈಬರ್ ವಂಚನೆಯ ಸಹಾಯವಾಣಿ. ಮೋಸವಾದ ತಕ್ಷಣ ಕರೆ ಮಾಡಿದರೆ ಹಣ ಮುಂದೆ ಸಾಗುವ ಮೊದಲೇ ತಡೆಯುವ ಅವಕಾಶವಿರುತ್ತದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದವನು ನಾನು, ಮಾನಕ್ಕೆ ಅಂಜಿ ಮೂರು ದಿನ ಕಳೆದು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ.

*

ರಂಗೋಲಿಯ ಹುಡುಗಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಎಲ್ಲವನ್ನೂ ತಾನೇ ತುಂಬಿದಳು, ಫೋಟೊ ಮೊದಲ ಸಲಕ್ಕೇ ಹತ್ತಿತು. ಒಟಿಪಿ ಹೋದದ್ದು ಅಪ್ಪನ ಫೋನಿಗೆ. ಅಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿ, ಎತ್ತರದಲ್ಲೆಲ್ಲೋ. ಎರಡು ಸಲ ಅವಧಿ ಮುಗಿಯಿತು. ಮೂರನೇ ಸಲ ಅವರು ಕೆಳಗಿಳಿದು ಒಂದೊಂದೇ ಅಂಕಿ ಓದಿ ಹೇಳಿದರು. ಇವಳು ಫೋನನ್ನು ಕಿವಿಗೆ ಒತ್ತಿಕೊಂಡು ಟೈಪ್ ಮಾಡಿದಳು.

ಮನೆಯಲ್ಲಿ ಇರುವ ಫೋನು ಅಣ್ಣನದಂತೆ. ‘ಅಸರ್’ ವರದಿಯಲ್ಲೂ ಹಾಗೇ ಇದೆ: ಫೋನು ಬಳಸಬಲ್ಲ ಹುಡುಗರಲ್ಲಿ ಸ್ವಂತ ಫೋನು ಉಳ್ಳವರು ಶೇ 43.7, ಹುಡುಗಿಯರಲ್ಲಿ ಶೇ 19.8. ಕಲಿಸುವುದು ಕಷ್ಟವಲ್ಲ ಎಂದು ನನಗೆ ಈಗ ಗೊತ್ತು. ಕಲಿತದ್ದನ್ನು ಮನೆಗೆ ಹೋಗಿ ಇವಳು ಯಾವುದರ ಮೇಲೆ ಮಾಡಿ ನೋಡಬೇಕು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಓದುವ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಮುಂದಿನ ಅರ್ಜಿ ತುಂಬುವ ದಿನ ಫೋನನ್ನು ಮಗಳ ಕೈಗೆ ಕೊಡಿ. ಪಕ್ಕದಲ್ಲಿ ಕೂತಿರಿ, ಆದರೆ ತುಂಬುವುದನ್ನು ಅವಳೇ ತುಂಬಲಿ.