ಬೀಳಗಿಗೆ ಬಂದ ಸಮುದ್ರ

ರಜೆ ಬಂತೆಂದರೆ ಕ್ಯಾಮರಾದವರು ಗೋಕರ್ಣ, ಮುರ್ಡೇಶ್ವರದ ದಂಡೆಗೆ ಓಡುತ್ತಾರೆ. ಬೀಳಗಿ ಸೀಮೆಯ ನಮಗೆ ಸಮುದ್ರವೇ ಮನೆಬಾಗಿಲಿಗೆ ಬಂದಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರಿನವರೆಗೆ ಎತ್ತರಿಸಲು ಒಪ್ಪಿತು. ಕೃಷ್ಣೆ, ಘಟಪ್ರಭೆಯ ನೀರು ಹಿಂದಕ್ಕೊತ್ತಿ ಊರೊಳಗೆ ನಿಂತಿತು.

ಈಗ ಆ ಹಿನ್ನೀರಿಗೆ ಫ್ಲೆಮಿಂಗೊ ಹಕ್ಕಿ ಬರುತ್ತವೆ. ಹಕ್ಕಿಗಳ ಬೆನ್ನಿಗೆ ಉದ್ದ ಲೆನ್ಸಿನವರು. ‘ಏನ್ ಸೀನ್ ಐತ್ರೀ!’ ಅಂತಾರೆ. ಚಂದ ಐತಿ, ನಾವೂ ಇಲ್ಲ ಅನ್ನೂದಿಲ್ಲ. ಆದರ ಆ ನೀರಿನ ತಳದಾಗ ನಮ್ಮ ಕೇರಿ ಐತಿ.

ಹೊಲ ಇದ್ದವರಿಗೆ ಹೊಲದ ರೊಕ್ಕ ಬಂತು. ಕಂಡವರ ಹೊಲದಾಗ ಕಳೆ ತಗದ ನಮ್ಮ ಅವ್ವಂದಿರ ಕೂಲಿಗೆ ಯಾವ ಉತಾರ ಇತ್ತು? ಪುನರ್ವಸತಿಯಲ್ಲಿ ನಿವೇಶನ ಸಿಕ್ಕಿತು. ದುಡಿಯುವ ಹೊಲ ಮುಳುಗಿತ್ತು.

2010ರಲ್ಲಿ ನ್ಯಾಯಮಂಡಳಿ 524.256 ಮೀಟರಿಗೂ ಒಪ್ಪಿಗೆ ಕೊಟ್ಟಿತು. ನೀರು ಏರಿದರೆ ಹೊಸ ದಂಡೆ, ಹೊಸ ಫೋಟೋ.

ಗೆಳೆಯರೇ, ಹಕ್ಕಿಯ ಫೋಟೋ ತೆಗೆಯಿರಿ, ಬ್ಯಾಡ ಅನ್ನೂದಿಲ್ಲ. ದಂಡೆಯಲ್ಲಿ ಕುಂತ ಮುದುಕಿಯನ್ನು ಚೌಕಟ್ಟಿನಿಂದ ಆಚೆ ಸರಿಸಬೇಡಿರಿ. ‘ಯಮ್ಮಾ, ನಿನ್ನ ಮನಿ ಎಲ್ಲಿತ್ತು?’ ಅಂತ ಕೇಳಿರಿ. ಆಕೆ ಬೊಟ್ಟು ಮಾಡಿ ತೋರಿಸುವುದು ನೀರನ್ನೇ.